ಮೆಟ್ಟಿಲಲ್ಲಿ ಮಾತಿಗೆ ನಿಲ್ಲುವವರು ಯಾವ ವಿಧ?

ಎದೆರೋಗದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಔಷಧಿ ಕಿಟಕಿಯ ಪಕ್ಕ ಗೋಡೆಗೊರಗಿ ನಿಂತಿರುವ ವರ್ಗೀಕರಣ ಯಂತ್ರದ ಸನ್ನಿಧಿಗೆ,

ಮಾನ್ಯರೇ,

'ಉಸಿರಾಡುವವರೆಲ್ಲ ಒಂದೇ ಬಳಗ' ಎಂಬ ಸಾಲನ್ನು ಎಲ್ಲೋ ಓದಿದ ನೆನಪು. ಬಳಗವೋ, ಬಗೆಯೋ, ಈಗ ಖಚಿತವಿಲ್ಲ. ಬರೆದವರು ಯಾರೆಂಬುದೂ ಮರೆತಿದೆ. ಯಾರೇ ಆಗಿರಲಿ, ಅವರು ತಮ್ಮ ಪರದೆಯ ಮುಂದೆ ಒಮ್ಮೆಯೂ ನಿಂತಿರಲಾರರು. ಶ್ವಾಸಕೋಶದ ದಾರಿ ಕಟ್ಟಿಕೊಂಡು ವರ್ಷಗಟ್ಟಲೆ ಏದುಸಿರು ಬಿಡುವವರೆಲ್ಲ ಒಂದೇ ತರಹ ಕೆಮ್ಮುತ್ತಾರೆಂದು ತಿಳಿದಿದ್ದ ನನ್ನಂಥವಳಿಗೆ, ಅವರಲ್ಲಿ ನಾಲ್ಕು ವಿಧಗಳುಂಟೆಂದೂ ಪರದೆಯನ್ನು ಕೆಲವು ಸಲ ಮುಟ್ಟಿದರೆ ಯಾರು ಯಾವ ವಿಧವೆಂದು ತಿಳಿಯುತ್ತದೆಂದೂ ತೋರಿಸಿಕೊಟ್ಟ ತಮಗೆ ಮೊದಲು ನಮಸ್ಕಾರ.

ಕಳೆದ ವಾರ ತಮ್ಮ ದರ್ಶನಕ್ಕೆ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂದರ್ಶನಕ್ಕೆ ಬಂದವರಂತೆ ತಲೆ ಬಾಚಿಕೊಂಡಿದ್ದ ನಿವೃತ್ತ ಬಸ್ ಕಂಡಕ್ಟರ್ ತಮಗೆ ನೆನಪಿರಬಹುದು. ಅವರು ನನ್ನ ಅಪ್ಪ. ಸಮವಯಸ್ಕರಿಗಿಂತ ನಿಧಾನವಾಗಿ ನಡೆಯುತ್ತೀರಾ ಎಂದು ತಾವು ಕೇಳಿದಿರಿ, ಇಲ್ಲ ಎಂದರು. ಅದು ನಿಜ, ಅವರ ಸಮವಯಸ್ಕರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದವರು ಬೆಂಚು ಬಿಟ್ಟು ಏಳುವುದಿಲ್ಲ. ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದಿರಿ, ಹೌದು ಎಂದರು. ಮಲಗಿದರೆ ಉಸಿರು ಸಿಕ್ಕುವುದಿಲ್ಲವೆಂದು ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಾರೆ, ಅದಕ್ಕೆ ಅವರಿಟ್ಟ ಹೆಸರು ಪೇಪರ್ ಓದುವುದು. ಮನೆಗೆಲಸಕ್ಕೆ ತೊಂದರೆಯಾಗುತ್ತದೆಯೇ ಎಂಬ ಪ್ರಶ್ನೆಗೂ ಇಲ್ಲ ಎಂದರು, ಅದೂ ಸತ್ಯವೇ. ಎದೆ ಗಟ್ಟಿಯಿದ್ದ ಕಾಲದಲ್ಲೂ ಅವರು ಒಂದು ಲೋಟ ತೊಳೆದವರಲ್ಲ, ಹೀಗಿರುವಾಗ ತೊಂದರೆ ಎಲ್ಲಿಂದ ಬರಬೇಕು?

ಇನ್ನು ಮೆಟ್ಟಿಲು. ಹತ್ತುವಾಗ ಉಸಿರಿಗಾಗಿ ನಿಲ್ಲಬೇಕಾಗುತ್ತದೆಯೇ ಎಂದು ತಾವು ಕೇಳಿದಾಗ ಅಪ್ಪ ಎದೆಯುಬ್ಬಿಸಿ ಇಲ್ಲ ಎಂಬ ಗುಂಡಿ ಒತ್ತಿದರು. ನಾವಿರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಪ್ಪ ಮೊದಲ ಮಹಡಿಯಲ್ಲಿ ಟ್ಯೂಷನ್ ಮೇಷ್ಟ್ರ ಹೂಕುಂಡಗಳ ಯೋಗಕ್ಷೇಮ ವಿಚಾರಿಸುತ್ತಾರೆ, ಎರಡನೆಯದರಲ್ಲಿ ಹೊಲಿಗೆಯ ಅಕ್ಕನ ಮಂಡಿನೋವು ವಿಚಾರಿಸುತ್ತಾರೆ. ಇಡೀ ಕಟ್ಟಡದಲ್ಲಿ ಅವರಷ್ಟು ಕರುಣಾಳು ಇನ್ನೊಬ್ಬರಿಲ್ಲವೆಂದು ಹೆಸರಾಗಿದೆ. "ಅಪ್ಪಾ, ನಿಲ್ತೀಯಲ್ಲ, ಯಾಕೆ ಸುಳ್ಳು ಹೇಳ್ದೆ?" ಎಂದು ಕೇಳಿದ್ದಕ್ಕೆ, "ಬಸ್ಸು ಸುಸ್ತಾಗಿ ನಿಲ್ಲುತ್ತಾ? ಸ್ಟಾಪ್ ಬಂತು ಅಂತ ನಿಲ್ಲುತ್ತೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ತಾವು ಅವರನ್ನು ಒಂದನೇ ವಿಧಕ್ಕೆ ಸೇರಿಸಿದಿರಿ: ಲಕ್ಷಣಗಳು ಅಲ್ಪ, ವ್ಯಾಯಾಮ ತರಗತಿ ಅನಗತ್ಯ. ಅಪ್ಪ ಫಸ್ಟ್ ಕ್ಲಾಸ್ ಬಂದವರಂತೆ ಆ ಚೀಟಿಯನ್ನು ಕನ್ನಡಿಗೆ ಸಿಕ್ಕಿಸಿಕೊಂಡಿದ್ದಾರೆ. ಉಸಿರು ಹಿಡಿದು ಬಿಡುವುದನ್ನೂ ಮೆಟ್ಟಿಲು ಹತ್ತುವುದನ್ನೂ ಕಲಿಸುವ ಆ ತರಗತಿ ಎರಡನೇ ವಿಧದಿಂದ ಮೇಲಿನವರಿಗೆ ಮಾತ್ರವಂತೆ. ನಾನು ನರ್ಸಮ್ಮನಲ್ಲಿ ಬೇಡಿಕೊಂಡೆ. "ಮೆಷಿನ್ನೇ ಹೇಳಿದ್ಮೇಲೆ ನಾನೇನ್ ಮಾಡ್ಲಿ ಮೇಡಂ? ನಿಮ್ಮ ತಂದೆ ಆರೋಗ್ಯವಾಗಿದ್ದಾರೆ ಅಂದ್ರೆ ನಿಮಗ್ಯಾಕೆ ಬೇಜಾರು?" ಎಂದರು.

ಬೇಜಾರು ಯಾಕೆಂದರೆ, ಮಾನ್ಯರೇ, ಅಪ್ಪ ಪ್ರತಿ ಸಂಜೆ ಕೆಳಗಿಳಿದು, ರಸ್ತೆಯಾಚೆ ತಂಗುದಾಣದಲ್ಲಿ ಕೂತು, ಬರುವ ಬಸ್ಸುಗಳನ್ನೆಲ್ಲ ನೋಡಿ, ಈಗಿನ ಕಂಡಕ್ಟರುಗಳನ್ನೆಲ್ಲ ಬೈದು ಮೇಲೆ ಬರುವವರು. ಅವರ ದಿನವೆಂದರೆ ಅದೇ. ಈಚೆಗೆ ಕೆಲವು ಸಂಜೆ ಚಪ್ಪಲಿ ಮೆಟ್ಟಿ, ಬಾಗಿಲವರೆಗೆ ಹೋಗಿ, ಕೆಳಗಿನ ಮೆಟ್ಟಿಲುಗಳನ್ನು ನೋಡಿ, "ಇವತ್ತು ಬಸ್ಸುಗಳೆಲ್ಲ ಲೇಟು" ಎಂದು ಒಳಗೆ ಬಂದುಬಿಡುತ್ತಾರೆ.

ಆದ್ದರಿಂದ ನನ್ನ ವಿನಮ್ರ ಕೋರಿಕೆಗಳನ್ನು ಮನ್ನಿಸಬೇಕು. ತಾವು ಕೆಮ್ಮುವುದಿಲ್ಲ, ದಣಿಯುವುದಿಲ್ಲ, ಕರೆಂಟು ಹೋದಾಗಲಷ್ಟೇ ತಮ್ಮ ಉಸಿರು ನಿಲ್ಲುತ್ತದೆ. ಇಂಥ ಸಮರ್ಥರು ದಯವಿಟ್ಟು ತಮ್ಮ ವೈರು ಕಿತ್ತುಕೊಂಡು, ಒಂದು ಚೀಲ ತರಕಾರಿ ಹಿಡಿದು, ನಮ್ಮ ಮೆಟ್ಟಿಲನ್ನೊಮ್ಮೆ ಹತ್ತಿ ಬರಬೇಕು. ಮೊದಲ ಮಹಡಿ ತಲುಪುವಷ್ಟರಲ್ಲಿ ತಮಗೂ ಹೂಕುಂಡಗಳ ಮೇಲೆ ಅಕ್ಕರೆ ಹುಟ್ಟದಿದ್ದರೆ ಕೇಳಿ. ಅದಾಗದಿದ್ದರೆ ಐದನೆಯದೊಂದು ವಿಧವನ್ನು ಸೃಷ್ಟಿಸಿ, 'ಮಾತಿಗೆ ನಿಲ್ಲುವವರು' ಎಂದು ಹೆಸರಿಟ್ಟು, ಅದರಲ್ಲಿ ಮೊದಲು ಅಪ್ಪನ ಹೆಸರು ಬರೆದುಕೊಳ್ಳಬೇಕು. ಅದೂ ಆಗದಿದ್ದರೆ ತಮ್ಮ ಪ್ರಶ್ನೆಗಳನ್ನು ರೋಗಿಗೆ ಕೇಳದೆ ರೋಗಿಯ ಮಗಳಿಗೆ ಕೇಳಬೇಕು. ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸುತ್ತೇನೆ, ನನಗೆ ಆ ಸೌಲಭ್ಯ ಇನ್ನೂ ಇದೆ.

ಯಾವ ವಿಧಕ್ಕೂ ಇನ್ನೂ ಸೇರದ,
ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಮಗಳು

ಮರೆತ ಮಾತು: ಈ ಪತ್ರ ಮಡಿಸುತ್ತಿದ್ದಾಗ ಎರಡನೇ ಮಹಡಿಯ ಹೊಲಿಗೆಯ ಅಕ್ಕ ಬಾಗಿಲು ತಟ್ಟಿದರು. ಅಪ್ಪ ಒಳಗೆ 'ಪೇಪರ್ ಓದುತ್ತಿದ್ದರು'. ತಮ್ಮ ಪರದೆಯ ಮೇಲೆ ಇಲ್ಲದ ವಿದ್ಯೆ ಈ ಅಕ್ಕನಲ್ಲಿ ಇರುವುದರಿಂದ, ಅವರು ದನಿ ತಗ್ಗಿಸಿ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ನಿಮ್ಮಪ್ಪ ದಿನಾ ನಿಂತು ನನ್ನ ಮಂಡಿನೋವು ಕೇಳ್ತಾರಲ್ಲ, ನನಗೆ ಮಂಡಿನೋವೇ ಇಲ್ಲ ಕಣಮ್ಮಾ. ಪಾಪ, ಉಸಿರು ತಿರುಗೋವರೆಗೂ ನಿಲ್ಲಲಿ ಅಂತ, ನೋವಿದೆ ಅಂತಿದ್ದೆ. ಈಗ ಮಂಡಿ ಮಾತು ಬೇಗ ಮುಗಿದುಹೋಗ್ತಿದೆ, ಅವರಿಗೆ ಇನ್ನೂ ಹೊತ್ತು ಬೇಕು. ನೀವು ಓದಿದವರು, ಯಾವುದಾದ್ರೂ ಬೇರೆ ಕಾಯಿಲೆ ಗೊತ್ತಿದ್ರೆ ಹೇಳಿ, ಹೇಳೋಕೆ ಸ್ವಲ್ಪ ಉದ್ದ ಇರೋದು."