‘ಹೋಗಿ’ ಎಂದ ಬೆಳ್ಳಕ್ಕಿ

ನಮ್ಮ ಅಜ್ಜಂಪುರದ ಕಡೆ ಮನೆಯಿಂದ ಹೊರಟವರು ಯಾರೂ ಹೋಗುವುದಿಲ್ಲ, ಎಲ್ಲರೂ ಬರುತ್ತಾರೆ. ಚಪ್ಪಲಿ ಮೆಟ್ಟಿಕೊಂಡು, ಬೈಕಿಗೆ ಕಿಕ್ ಹೊಡೆದು, ಬೆನ್ನು ತೋರಿಸಿ ತಿರುವಿನಲ್ಲಿ ಮರೆಯಾಗುವವನೂ ಕೂಗುವುದು “ಬತ್ತೀನಿ ಕಣವ್ವ” ಅಂತಲೇ. ಹೊಸಬರು ಕೇಳಿಸಿಕೊಂಡರೆ ಇವನು ಬರುತ್ತಿದ್ದಾನೋ ಹೋಗುತ್ತಿದ್ದಾನೋ ಎಂದು ತಬ್ಬಿಬ್ಬಾಗಬೇಕು. ಬಾಯಿ ತಪ್ಪಿ “ಹೋಗ್ತೀನಿ” ಅಂದವರನ್ನು ನಮ್ಮವ್ವ ಗೇಟಿನಿಂದ ವಾಪಸು ಕರೆದು, ಕೂರಿಸಿ, ಒಂದು ಲೋಟ ನೀರು ಕುಡಿಸಿ, “ಹೋಗಿ ಬತ್ತೀನಿ ಅನ್ನು” ಎಂದು ಹೇಳಿಸಿಯೇ ಕಳಿಸುತ್ತಾಳೆ. ಮೀಟರ್ ನೋಡಲು ಬಂದವನನ್ನೂ ಬಿಟ್ಟವಳಲ್ಲ. ಇಂಥ ಮನೆಯಲ್ಲಿ ಹುಟ್ಟಿ ಬೆಳೆದ ನಾನು, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಕೈಗೆ, ಒಬ್ಬರನ್ನೂ ಬಿಡದೆ, ‘ಹೋಗಿ’ ಎಂಬ ಮಾತನ್ನು ಕೊಟ್ಟು ಕಳಿಸಿದೆ. ಅದೂ ಬರಹದಲ್ಲಿ. ಅದೂ ಜಪಾನಿ ಪದ್ಧತಿಯಲ್ಲಿ.

ನನ್ನದು ಚಿಕ್ಕದೊಂದು ಪ್ರಿಂಟಿಂಗ್ ಪ್ರೆಸ್ಸು. ಕಡೂರು, ತರೀಕೆರೆಯಲ್ಲಿ ದೊಡ್ಡ ಪ್ರೆಸ್ಸುಗಳಿದ್ದರೂ ಲಗ್ನಪತ್ರಿಕೆಗೆ ಮಾತ್ರ ಸುತ್ತಲಿನ ಹಳ್ಳಿಯವರು ನನ್ನ ಹತ್ತಿರವೇ ಬರುತ್ತಾರೆ. ಕಾರಣ, ನಾನು ಯಾರ ಹೆಸರನ್ನೂ ಬಿಡುವುದಿಲ್ಲ. ಸೋದರಮಾವನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಒಂದೆಳೆ ಸಣ್ಣದಾದರೂ ಛತ್ರದಲ್ಲಿ ಊಟ ಬಿಟ್ಟು ಏಳುವವರಿದ್ದಾರೆಂದು ನನಗೆ ಗೊತ್ತು. ನನ್ನ ಸಾಹಿತ್ಯ ಸೇವೆಯೆಲ್ಲ ‘ಸಕುಟುಂಬ ಸಮೇತರಾಗಿ’ ಎಂಬಲ್ಲಿ ಶುರುವಾಗಿ ‘ಆಗಮನಾಭಿಲಾಷಿಗಳು’ ಎಂಬಲ್ಲಿ ಮುಗಿಯುತ್ತಿತ್ತು. ಅದರಲ್ಲೇ ನಾನು ಸುಖವಾಗಿದ್ದೆ. ಕೆಟ್ಟದ್ದು ನನ್ನ ಹೆಂಡತಿ ಗಿರಿಜಾ ಮೊಬೈಲಿನಲ್ಲಿ ಒರಿಗಾಮಿ ಕಲಿತ ಮೇಲೆ.

ಒರಿಗಾಮಿ ಅಂದರೆ ಕಾಗದ ಮಡಚಿ ಗೊಂಬೆ ಮಾಡುವ ಜಪಾನಿನವರ ವಿದ್ಯೆ. ಕತ್ತರಿ ಇಲ್ಲ, ಅಂಟು ಇಲ್ಲ, ಬರೀ ಮಡಿಕೆ. ಗಿರಿಜಾ ಮೊದಲು ದೋಣಿ ಮಾಡಿದಳು, ಆಮೇಲೆ ಕಪ್ಪೆ ಮಾಡಿದಳು, ಕೊನೆಗೆ ಹಕ್ಕಿ ಮಾಡಿದಳು, ಅಲ್ಲೇ ನಿಂತುಬಿಟ್ಟಳು. ಪ್ರೆಸ್ಸಿನಲ್ಲಿ ಉಳಿದ ಬಿಳಿ ಕಾಗದವೆಲ್ಲ ಉದ್ದ ಕತ್ತಿನ ಬೆಳ್ಳಕ್ಕಿಗಳಾಗಿ ಫ್ರಿಜ್ಜಿನ ಮೇಲೆ, ಟೀವಿಯ ಮೇಲೆ, ಕೊನೆಗೆ ರಾಗಿ ಹಿಟ್ಟಿನ ಡಬ್ಬದ ಮೇಲೂ ಬಂದು ಕೂತವು. ಅವ್ವನಿಗೆ ಕಿವಿ ಸ್ವಲ್ಪ ಮಂದ. “ಅದೇನೇ ಗಿರಿಜಾ, ಓರಗಿತ್ತಿ ಬತ್ತಾಳೆ ಅಂತಿದ್ಯಲ್ಲ, ಯಾವತ್ತು ಬತ್ತಾಳೆ?” ಎಂದು ವಾರಗಟ್ಟಲೆ ಕೇಳಿದಳು. ನಾನು ಒಬ್ಬನೇ ಮಗ. ಗಿರಿಜಾಳಿಗೆ ಓರಗಿತ್ತಿ ಎಲ್ಲಿಂದ ಬರಬೇಕು?

ಮನೆಗೆ ಬಂದವರೆಲ್ಲ ಹಕ್ಕಿ ನೋಡಿ ಗಿರಿಜಾಳನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು ಬಂತು? ತರೀಕೆರೆಯ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ಮಗಳು ಸುಮ ಕನಿಕರದಿಂದ ಹೇಳಿದಳು: “ಅಪ್ಪ, ಜಪಾನಿನೋರು ಮೂರೇ ಸಾಲಿನ ಪದ್ಯಾನೂ ಬರೀತಾರೆ. ಹಾಯ್ಕು ಅಂತ. ಐದು, ಏಳು, ಐದು ಅಕ್ಷರ. ಹಕ್ಕಿ ಮೇಲೆ ಬರಿ.” ಒಟ್ಟು ಹದಿನೇಳೇ ಅಕ್ಷರ! ನಮ್ಮ ಲಗ್ನಪತ್ರಿಕೆಯಲ್ಲಿ ಹುಡುಗನ ದೊಡ್ಡಪ್ಪನ ಹೆಸರೇ ಅಷ್ಟಾಗುತ್ತದೆ. ಇದು ನನ್ನ ಕೈಲಾಗುವ ಕೆಲಸ ಅನ್ನಿಸಿತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದೆ, “ಅವ್ವಾ, ನಾನೂ ಹಾಯ್ಕು...” ಅಷ್ಟರಲ್ಲಿ ತಟ್ಟೆಗೆ ಒಂದು ಮುದ್ದೆ ಬಿತ್ತು. “ಅದ್ಯಾಕಂಗೆ ನಾಚ್ಕೊಂತೀಯೋ, ಹಾಯ್ಕು ಅಂದ್ರೆ ಹಾಯ್ಕ್ತೀನಪ್ಪ” ಅಂದಳು ಅವ್ವ. “ಅದಲ್ಲ ಅವ್ವ, ಹಾಯ್ಕು, ಹಾಯ್ಕು!” ಅಂದೆ. ಇನ್ನೊಂದು ಮುದ್ದೆ ಬಿತ್ತು. ದೇವನೂರಿನ ಕಡೆ ಹುಟ್ಟಿದ ಅವ್ವನಿಗೆ ‘ಹಾಯ್ಕು’ ಅಂದರೆ ‘ಹಾಕು’ ಎಂದಷ್ಟೇ ಅರ್ಥ. ಕಾವ್ಯದ ಮಾತೆತ್ತಿದ್ದಕ್ಕೆ ಅಷ್ಟು ಬೇಗ ಪ್ರತಿಫಲ ಪಡೆದ ಕವಿ ನಾನೊಬ್ಬನೇ ಇರಬೇಕು.

ಹಕ್ಕಿ ನೋಡದೆ ಬರೆಯುವುದು ಹೇಗೆ? ಒಂದು ಸಂಜೆ ಸ್ಕೂಟರಿನಲ್ಲಿ ಬುಕ್ಕಾಂಬುಧಿ ಕೆರೆಗೆ ಹೋಗಿ ಏರಿಯ ಮೇಲೆ ಕೂತೆ. ಹಕ್ಕಿಗಳೇನೋ ಬೇಕಾದಷ್ಟಿದ್ದವು, ನನಗೆ ಹೆಸರು ಗೊತ್ತಿದ್ದದ್ದು ಎರಡೋ ಮೂರೋ. ಚೆನ್ನಾಗಿ ಪರಿಚಯವಿದ್ದ ಕಾಗೆಯಿಂದಲೇ ಆರಂಭಿಸಿದೆ: ‘ಕಾಗೆ ಕೂತಿದೆ / ಕರೆಂಟ್ ಕಂಬದ ಮೇಲೆ / ಕರೆಂಟೇ ಇಲ್ಲ.’ ಕರೆಂಟಿನ ಆ ಅರ್ಧ ‘ಟ್’ ಅನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಕತ್ತಲಾಗುವವರೆಗೂ ಒದ್ದಾಡಿದೆ. ಮನೆಗೆ ಬಂದು ಓದಿದರೆ ಗಿರಿಜಾ, “ಇದು ಪದ್ಯಾನೋ ಕಂಪ್ಲೇಂಟೋ ಕಣ್ರೀ?” ಅಂದಳು. ಆದರೂ ನಾನು ಬಿಡಲಿಲ್ಲ. ಮತ್ತೆ ಮತ್ತೆ ಹೋಗಿ ಕೂತು, ಕಡೆಗೊಂದು ದಿನ, ಸಾಲಾಗಿ ಹಾರಿಹೋಗುವ ಬೆಳ್ಳಕ್ಕಿಗಳನ್ನು ನೋಡಿ ಬರೆದೆ:

ಬೆಳ್ಳಕ್ಕಿ ಸಾಲು
ಕೆರೆಯ ಮೇಲೆ ಸಂಜೆ
ಹೋಗಿ ಬನ್ನಿರಿ

ಓದಿದಾಗ ಗಿರಿಜಾ ಇನ್ನೊಮ್ಮೆ ಓದಿಸಿದಳು. ಅವತ್ತು ನನಗಾದ ಖುಷಿ ಇವತ್ತಿಗೂ ಇಳಿದಿಲ್ಲ.

ಆ ವೇಳೆಗೆ ಸುಮಳಿಗೆ ಚೌಳಹಿರಿಯೂರಿನ ಕಡೆಯ ಸಂಬಂಧವೊಂದು ಕೂಡಿ ಬಂತು. ಹುಡುಗ ರುದ್ರೇಶ, ಕಡೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಅಪ್ಪ ಸಿದ್ದಪ್ಪನವರಿಗೆ ತೆಂಗಿನ ತೋಟ, ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜಿ. ನೋಡಲು ಬಂದವರು ಒಂದು ವ್ಯಾನು ತುಂಬ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗ ಹುಡುಗಿ ಹಿತ್ತಲಲ್ಲಿ ನಿಂತು ಮಾತಾಡಿದರು. ಸುಮ ಒಳಗೆ ಬಂದಾಗ ಅವಳ ಮುಖ ನೋಡಿದರೇ ಸಾಕಿತ್ತು, ಕೇಳುವ ಅಗತ್ಯವೇ ಇರಲಿಲ್ಲ. ಹೊರಡುವಾಗ ಸಿದ್ದಪ್ಪನವರು, “ಮನೇಲಿ ಕೂತು ಮಾತಾಡಿ ಫೋನ್ ಮಾಡ್ತೀವಿ” ಅಂದರು. ಆಗ ಗಿರಿಜಾ ತಾಂಬೂಲದ ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಬೆಳ್ಳಕ್ಕಿ ಕೊಟ್ಟಳು. ಪ್ರತಿ ಹಕ್ಕಿಯ ಕಾಗದದ ಮೇಲೂ ನನ್ನ ಹಾಯ್ಕು. ನಾನು ಬರೆದಿದ್ದೆ, ಅವಳು ಮಡಚಿದ್ದಳು. ಅವಳು ನೋಡಿದ್ದು ಮಡಿಕೆಯನ್ನು, ನಾನು ನೋಡಿದ್ದು ಅಕ್ಷರವನ್ನು. ಎರಡನ್ನೂ ಸೇರಿಸಿ ನೋಡಿದವರು ಯಾರೂ ಇಲ್ಲ.

ಮಾರನೇ ದಿನ ಫೋನಿಲ್ಲ. ಅದರ ಮಾರನೇ ದಿನವೂ ಇಲ್ಲ. ಹಂಚಿ ಉಳಿದು ಟೀವಿಯ ಮೇಲೆ ಕೂತಿದ್ದ ಒಂದು ಹಕ್ಕಿಯನ್ನು ಅವ್ವ ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಅಕ್ಷರ ಕೂಡಿಸಿ ಓದಿದಳು. “ಹೋ... ಗಿ. ಲೇ ಪರಮೇಶಿ, ಯಾರಿಗೋ ಹೋಗಿ ಅಂತ ಬರ್ದಿದೀಯ?”

ಕಿತ್ತುಕೊಂಡು ನೋಡಿದೆ. ಬೆಳ್ಳಕ್ಕಿಯ ಸಾಲು, ಕೆರೆ, ಸಂಜೆ ಎಲ್ಲ ಹಕ್ಕಿಯ ಹೊಟ್ಟೆ ಸೇರಿದ್ದವು. ಕೊನೆಯ ಸಾಲು ಮುಖ್ಯವೆಂದು ಅದನ್ನು ಕಾಗದದ ಅಂಚಿಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಅದರಲ್ಲಿ ‘ಬನ್ನಿರಿ’ ರೆಕ್ಕೆಯ ಕೆಳಗಿನ ಮಡಿಕೆಯಲ್ಲಿ ಮುಚ್ಚಿಹೋಗಿತ್ತು. ರೆಕ್ಕೆಯ ಮೇಲೆ ದಪ್ಪಗೆ, ಸ್ಪಷ್ಟವಾಗಿ, ‘ಹೋಗಿ’. ಅಯ್ಯೋ ಶಿವನೇ! ಜೀವಮಾನವೆಲ್ಲ ಊರವರ ಪರವಾಗಿ ‘ಆಗಮನಾಭಿಲಾಷಿಗಳು’ ಎಂದು ಅಚ್ಚು ಹಾಕಿದವನು ತನ್ನ ಮನೆ ಬಾಗಿಲಲ್ಲಿ ಬೀಗರಿಗೆ ಹೀಗಂದುಬಿಟ್ಟೆನಲ್ಲ.

“ಪ್ರೆಸ್ಸಲ್ಲಿ ಪ್ರೂಫ್ ನೋಡ್ತೀಯಲ್ಲಪ್ಪ, ಹಕ್ಕಿಗ್ಯಾಕೆ ನೋಡ್ಲಿಲ್ಲ?” ಸುಮ ಅಷ್ಟೇ ಕೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊಟ ಬಿಟ್ಟು ಕೋಣೆಗೆ ಹೋದಳು. ನಾವೇ ಫೋನ್ ಮಾಡೋಣವೆಂದರೆ ಹೆಣ್ಣಿನ ಕಡೆಯವರು ಮೇಲೆ ಬಿದ್ದರು ಅನ್ನಿಸಿಕೊಳ್ಳಬೇಕು. ಮಾಡಿದರೂ ಏನಂತ ಹೇಳುವುದು? ‘ಸ್ವಾಮಿ, ಹಕ್ಕಿಯ ರೆಕ್ಕೆ ಎತ್ತಿ ನೋಡಿ’ ಅನ್ನುವುದೇ? ಗಿರಿಜಾ ನನ್ನ ಜೊತೆ ಮಾತು ಬಿಟ್ಟಳು. ಅವ್ವ ಮಾತ್ರ ಬಿಡಲಿಲ್ಲ; ಪ್ರತಿ ಊಟಕ್ಕೂ “ಹಾಯ್ಕು ಅನ್ನು, ಹಾಯ್ಕ್ತೀನಿ” ಎಂದು ಹಂಗಿಸಿದಳು. ಬೇಕಂತಲೇ ಅನ್ನುತ್ತಿದ್ದಾಳೆಂದು ನನಗೆ ಆಗ ಗೊತ್ತಾಯಿತು.

ಕಡೆಗೆ ಸಿದ್ದಪ್ಪನವರ ಫೋನೇ ಬಂತು.

“ಪರಮೇಶಪ್ಪ, ತಪ್ಪು ತಿಳ್ಕೋಬ್ಯಾಡಿ, ಒಂದು ಎಡವಟ್ಟಾಗೈತೆ” ಅಂದರು. “ವ್ಯಾನಲ್ಲಿ ನಮ್ಮವ್ವ ಹಕ್ಕಿ ನೋಡಿ, ‘ಇದೇನ್ರೋ ಹೋಗಿ ಅಂದವ್ರೆ’ ಅಂತು. ನಮಗೂ ಒಂಥರಾ ಆಯ್ತು. ಆಮೇಲೆ ಅವ್ವನೇ, ‘ನಮ್ಮ ಕಡೆ ಜನ ಬರೀ ಹೋಗಿ ಅಂತ ಎಲ್ಲಾದ್ರೂ ಅಂತಾರೇನ್ರೋ? ಬನ್ನಿ ಅನ್ನೋದು ಇದ್ರಾಗೇ ಎಲ್ಲೋ ಐತೆ, ಹುಡುಕ್ರಿ’ ಅಂತು. ಎಲ್ಲಾರೂ ಹಕ್ಕಿ ಬಿಚ್ಚಿಬಿಟ್ವಿ. ಬನ್ನಿರಿ ಸಿಕ್ತು, ಆದ್ರೆ ಹಕ್ಕಿ ಹೋಯ್ತು ಕಣ್ರೀ. ಅವತ್ತಿಂದ ಮನೆಮಂದಿಯೆಲ್ಲ ಮಡಚ್ತಾನೇ ಇದೀವಿ. ಟೋಪಿ ಆಗ್ತೈತೆ, ದೋಣಿ ಆಗ್ತೈತೆ, ಹಕ್ಕಿ ಮಾತ್ರ ಆಗ್ತಿಲ್ಲ. ಸರಿ ಮಾಡಿ ಆಮೇಲೆ ಫೋನ್ ಮಾಡಾಣ ಅಂತಿದ್ವಿ.”

“ಅದಿರಲಿ, ಸಂಬಂಧದ ವಿಷಯ...” ಅಂದೆ.

“ಅದೇನ್ ಕೇಳ್ತೀರಿ? ವ್ಯಾನ್ ಹತ್ತೋಕೆ ಮುಂಚೇನೇ ಒಪ್ಪಿದ್ವಲ್ಲ! ಭಾನುವಾರ ಎಲ್ಲಾರೂ ಕಾಗದ ತಗಂಡು ಬತ್ತೀವಿ, ನಿಮ್ಮ ಮನೆಯವರಿಗೆ ಹೇಳಿ ಮಡಚಿಸ್ಕೊಡಿ.”

ಬಂದರು. ಮೊದಲ ಸಲ ಬಾರದವರೂ ಸೇರಿ ಎರಡು ವ್ಯಾನು ಬಂದರು. ಹೋಳಿಗೆ ಊಟ ಮುಗಿದ ಮೇಲೆ ಗಿರಿಜಾ ನಡುಮನೆಯಲ್ಲಿ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಮಡಚಲು ಹೇಳಿಕೊಟ್ಟಳು. ರುದ್ರೇಶನ ಹಕ್ಕಿಗೆ ಕತ್ತು ಸೊಟ್ಟಗಾಯಿತು; ಸುಮ ತಿದ್ದಿಕೊಟ್ಟಳು. ‘ಹೋಗಿ ಬನ್ನಿರಿ’ ಎಂದು ಬರೆದರೆ ಅದನ್ನು ಹೀಗೆ ಅಕ್ಷರಶಃ ಪಾಲಿಸುವ ಓದುಗರು ಯಾವ ಕವಿಗೆ ಸಿಕ್ಕಾರು? ಒಂದು ಮೂಲೆಯಲ್ಲಿ ನಿಂತು ನಾನು ಎದೆಯುಬ್ಬಿಸಿಕೊಂಡಿದ್ದೆ.

ಈಗ ಮಗಳ ಲಗ್ನಪತ್ರಿಕೆಯ ಸರದಿ. ಅದರಲ್ಲಿ ಹಾಯ್ಕು ಕೂಡದೆಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು, ಒಪ್ಪಿಕೊಂಡೆ. ಹಳೆಯ ಮಾದರಿಯಲ್ಲೇ ಜೋಡಿಸಿ, ಪ್ರೂಫ್ ತೆಗೆದು, ಒಂದು ತಪ್ಪೂ ಇಲ್ಲವೆಂದು ಗಿರಿಜಾಳಿಗೆ ಕೊಟ್ಟೆ. “ಅಚ್ಚು ಹಾಕೋಕೆ ಮುಂಚೆ ಒಂದ್ಸಲ ಮಡಚಿ ನೋಡಿ ಕಣ್ರೀ” ಅಂದಳು. ಇಷ್ಟು ವರ್ಷ ಪತ್ರಿಕೆ ಮಡಚಿ ಕವರಿಗೆ ಹಾಕುವ ಕೆಲಸ ಗಿರಾಕಿಗಳದು. ನಾನು ಒಂದು ಸಲವೂ ಮಡಚಿ ನೋಡಿದವನಲ್ಲ. ಸರಿಯಾಗಿ ನಡುವಿಗೆ ಮಡಚಿದೆ. ಕೆಳಗೆ ಸ್ವಲ್ಪ ಬಲಕ್ಕಿದ್ದ ದೊಡ್ಡಕ್ಷರದ ‘ಆಗಮನಾಭಿಲಾಷಿಗಳು’ ಮಡಿಕೆಗೆ ಸಿಕ್ಕಿ ಮುರಿದು, ‘ಆಗಮ’ ಹಿಂದಕ್ಕೆ ಹೋಗಿ, ಮುಂದೆ ‘ನಾಭಿಲಾಷಿಗಳು’ ಮಾತ್ರ ಉಳಿಯಿತು.

“ನಾಭಿ... ಅಂದ್ರೆ ಹೊಕ್ಕಳಲ್ವೇನೋ?” ಅಂದಳು ಅವ್ವ, ಕನ್ನಡಕ ಏರಿಸುತ್ತ.

ಈ ಸೀಮೆಯ ಎಷ್ಟು ಮಂದಿ ಮರ್ಯಾದಸ್ತ ತಂದೆತಾಯಿಗಳನ್ನು ನಾನು ಹೊಕ್ಕಳಿಗೆ ಆಸೆಪಡುವವರನ್ನಾಗಿ ಮಾಡಿದ್ದೇನೋ, ಯೋಚಿಸಲೂ ಧೈರ್ಯವಿಲ್ಲ. ಯಾರೂ ಇದುವರೆಗೆ ಕೇಳಿಲ್ಲ, ನೀವೂ ಯಾರಿಗೂ ಹೇಳಬೇಡಿ. ಮದುವೆಗೆ ನಿಮಗೂ ಪತ್ರಿಕೆ ಬರುತ್ತದೆ, ದಯವಿಟ್ಟು ಪೂರ್ತಿ ಬಿಚ್ಚಿ ಓದಿ. ಪ್ರೆಸ್ಸಿನಲ್ಲಿ ಕೆಲಸವಿದೆ, ಬತ್ತೀನಿ.