ಕೊಬ್ಬು ಜಾಸ್ತಿ ಅಂದರು ಡಾಕ್ಟರು

ಪುತ್ತೂರಿನ ಹೆಂಗಸರ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನಾನು ನರ್ಸು. ಡಾಕ್ಟರು ಒಳಗೆ ಹೇಳಿದ ಮಾತು ಬಾಗಿಲು ದಾಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಬಸ್‌ಸ್ಟ್ಯಾಂಡ್ ಮುಟ್ಟುವಾಗ ಅದರ ಗುರುತೇ ಸಿಗುವುದಿಲ್ಲ. ಈಚೆಗೆ ಸವಣೂರಿನಿಂದ ಬಂದ ಗಂಡ ಹೆಂಡತಿಯ ವಿಷಯವೂ ಹಾಗೆಯೇ ಆಯಿತು.

ಪೂಜೆಗೆ ಬಂದ ಸಂಶಯ

ಆ ಅಕ್ಕನಿಗೆ ಮುಟ್ಟು ನಿಂತು ಕೆಲವು ವರ್ಷ ಆಗಿತ್ತು. ಈಗ ಒಂದೆರಡು ತಿಂಗಳಿಂದ ಪುನಃ ಆಗಾಗ ರಕ್ತ ಕಾಣಿಸುತ್ತಿತ್ತು. ಅದಕ್ಕಾಗಿ ಅವರು ಬಂದದ್ದಲ್ಲ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟಿದ್ದರು. ಇದು ಮುಟ್ಟೇ ಆದರೆ ಪೂಜೆಗೆ ಕೂರುವ ಹಾಗಿಲ್ಲ. ಅತ್ತೆಗೆ ತೀರ್ಮಾನ ಹೇಳಲು ಧೈರ್ಯ ಬರಲಿಲ್ಲ, ಭಟ್ಟರಲ್ಲಿ ಕೇಳಲು ಇವರಿಗೆ ನಾಚಿಕೆ. ಹಾಗೆ ಡಾಕ್ಟರಲ್ಲಿಗೆ ಬಂದಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದು ಮುಟ್ಟಲ್ಲ. ಒಮ್ಮೆ ನಿಂತ ಮೇಲೆ ಸ್ವಲ್ಪ ಕಂಡರೂ ತೋರಿಸಬೇಕು. ಕೆಲವರಿಗೆ ಗರ್ಭಕೋಶದ ಕ್ಯಾನ್ಸರ್ ಹೀಗೆಯೇ ಶುರುವಾಗುದು."

ಅಕ್ಕನ ಮುಖ ಅರಳಿತು. "ಮುಟ್ಟು ಅಲ್ಲ ಅಲ್ವಾ? ಹಾಗಾದ್ರೆ ಪೂಜೆಗೆ ಕೂತ್ಕೊಳ್ಬಹುದು."

ಸ್ಕ್ಯಾನಿನಲ್ಲಿ ಕಂಡದ್ದು

ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರ ದಪ್ಪವಾಗಿತ್ತು. ಡಾಕ್ಟರು ಅಕ್ಕನನ್ನೊಮ್ಮೆ ನೋಡಿ, "ನಿಮಗೆ ಕೊಬ್ಬು ಸ್ವಲ್ಪ ಜಾಸ್ತಿ. ತೊಂದರೆ ಅಲ್ಲಿಂದಲೇ" ಎಂದರು.

ಅಕ್ಕ ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಬೆಂಚಿನಲ್ಲಿ ಕೂತು ಕಣ್ಣು ಒರೆಸುತ್ತಿದ್ದರು. ತಾನು ಎದುರುತ್ತರ ಕೊಟ್ಟದ್ದಿಲ್ಲ, ಪೂಜೆಯ ವಿಷಯ ಕೇಳಿದ್ದು ಮಾತ್ರ, ಅಷ್ಟಕ್ಕೆ ಡಾಕ್ಟರು ಹಾಗೆ ಹೇಳಬಹುದಾ ಎಂದು ನನ್ನನ್ನೇ ಕೇಳಿದರು. ಅದು ಅಹಂಕಾರದ ಕೊಬ್ಬಲ್ಲ, ಮೈಯ ಕೊಬ್ಬು ಎಂದು ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕಾಯಿತು.

ಪಕ್ಕದಲ್ಲಿದ್ದ ಗಂಡ ಮೆಲ್ಲ ಹೇಳಿದರು: "ನಾನು ಮದುವೆ ಆದಾಗಿಂದ ಹೇಳ್ತಾ ಇದ್ದೇನೆ ಸಿಸ್ಟರೇ. ಸ್ಕ್ಯಾನಿನಲ್ಲಿ ಕಾಣ್ತದೆ ಅಂತ ಗೊತ್ತಿರ್ಲಿಲ್ಲ."

ಏಳದ ದೋಸೆ

ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ರೆ ಇರಲಿಲ್ಲವಂತೆ. ಗಂಡ ಎಣ್ಣೆ ಡಬ್ಬಿಯನ್ನೇ ಅಟ್ಟಕ್ಕೆ ಏರಿಸಿಬಿಟ್ಟರಂತೆ. ಒಂದು ಬೆಳಿಗ್ಗೆ ಅಕ್ಕ ಕ್ಲಿನಿಕ್ಕಿಗೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ಪುನಃ ರಕ್ತ ಹೋಯಿತೋ ಎಂದು ನಾನು ಅವರ ಫೈಲು ಎಳೆದುಕೊಂಡೆ.

"ಸಿಸ್ಟರೇ, ಒಂದು ತೊಂದರೆ ಉಂಟು. ಏಳುದೇ ಇಲ್ಲ."

"ಯಾರು, ನಿಮ್ಮ ಯಜಮಾನ್ರಾ?"

"ಅಲ್ಲ ಮಾರಾಯ್ರೆ, ನೀರುದೋಸೆ. ಎಣ್ಣೆ ಸವರದೆ ಕಾವಲಿಯಿಂದ ಏಳುದು ಹೇಗೆ?"

ಯಜಮಾನರ ಹೊಟ್ಟೆ

ವರದಿಯ ದಿನ ಇಬ್ಬರೂ ಬಂದರು. ಅಕ್ಕನ ಚೀಲ ಗಂಡನ ಕೈಯಲ್ಲಿತ್ತು. ಅದರ ಹಿಡಿಯನ್ನು ಅವರು ತಿರುಚುತ್ತಲೇ ಇದ್ದರು. ಕ್ಯಾನ್ಸರ್ ಇಲ್ಲ ಎಂದರು ಡಾಕ್ಟರು. ಪದರ ದಪ್ಪ ಆದದ್ದು ಹೌದು, ಅದಕ್ಕೆ ಮಾತ್ರೆ ಉಂಟು, ತಪ್ಪದೆ ಬಂದು ತೋರಿಸುತ್ತಿರಬೇಕು. ಹಾಗೆಯೇ ಬಿಟ್ಟಿದ್ದರೆ ಮುಂದೆ ಕೆಟ್ಟದ್ದೂ ಆಗಬಹುದಿತ್ತು ಎಂದರು. ಗಂಡ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತರು. ನಾವು ಯಾರೂ ಆ ಕಡೆ ನೋಡಲಿಲ್ಲ.

ಮುಟ್ಟು ನಿಂತ ಮೇಲೂ ಮೈಯ ಕೊಬ್ಬು ಹೆಣ್ಣಿನ ಹಾರ್ಮೋನು ತಯಾರಿಸುತ್ತದೆ, ಅದು ಹೆಚ್ಚಾದರೆ ಗರ್ಭಕೋಶದ ಪದರ ಬೆಳೆಯುತ್ತ ಹೋಗುತ್ತದೆ, ಆದ್ದರಿಂದ ತೂಕ ಇಳಿಸಬೇಕು ಎಂದು ಡಾಕ್ಟರು ವಿವರಿಸಿದರು. ಅಕ್ಕ ಹೊರಗೆ ಹೋದರೂ ಗಂಡ ಕದಲಲಿಲ್ಲ. ಅವರ ಹೊಟ್ಟೆ ಅಕ್ಕನದಕ್ಕಿಂತ ದೊಡ್ಡದು.

"ಡಾಕ್ಟ್ರೇ, ಗಂಡಸಿನ ಕೊಬ್ಬು ಸಹ ಆ ಹಾರ್ಮೋನು ಮಾಡ್ತದಾ?"

"ಸ್ವಲ್ಪ ಮಾಡ್ತದೆ."

ಅವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. "ಹಾಗಾದ್ರೆ ನನಗೂ ಒಂದು ಸ್ಕ್ಯಾನ್ ಮಾಡಿ ನೋಡುದಲ್ವಾ?"

ಡಾಕ್ಟರು ನಗಲಿಲ್ಲ. ಆ ಕಾಯಿಲೆಗೆ ಗರ್ಭಕೋಶ ಬೇಕು, ನಿಮಗೆ ಅದು ಇಲ್ಲ. ಆದರೆ ಹೃದಯ ಉಂಟು, ಸಕ್ಕರೆ ಕಾಯಿಲೆ ಬರಬಹುದು, ಹೊಟ್ಟೆ ಇಳಿಸಲೇಬೇಕು ಎಂದು ನಿಧಾನಕ್ಕೆ ತಿಳಿಸಿದರು. ಗಂಡ ತಲೆಯಾಡಿಸುತ್ತ ಹೊರಗೆ ಬಂದರು.

ಇಷ್ಟು ಹೊತ್ತು ಎಂತ ಮಾತಾಡಿದ್ದು ಎಂದು ಅಕ್ಕ ಕೇಳಿದರು.

"ನನ್ನ ಹೊಟ್ಟೆಯ ವಿಷಯ ಕೇಳಿದೆ" ಎಂದರು ಗಂಡ, ನೆಮ್ಮದಿಯಿಂದ. "ಒಳಗೆ ಎಂತದೂ ಇಲ್ಲವಂತೆ."