ಬಾಟಲಿ ಮಣ್ಣು, ಕೂಲರ್ ದಂಟು

ಕೆಲವರಿಗೆ ಸೀರೆ ಅಂಗಡಿ ಕಂಡರೆ ಕಾಲು ಮುಂದಕ್ಕೆ ಹೋಗುವುದಿಲ್ಲ; ನನಗೆ ಯಾರಾದರೂ ಗುಂಡಿ ತೋಡುತ್ತಿದ್ದರೆ ಸಾಕು. ದೆಹಲಿಯ ಸರೋಜಿನಿ ನಗರಕ್ಕೆ ಕುರ್ತಾ ತರಲು ಹೋದವಳು ಪೈಪಿಗೆಂದು ಅಗೆದ ಗುಂಡಿಯ ಮುಂದೆ ಕೂತು, ಮಣ್ಣು ಹಿಸುಕಿ ನೋಡಿ, ಕುರ್ತಾ ಮರೆತು ವಾಪಸ್ಸು ಬಂದಿದ್ದೇನೆ. ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವವಳು ನಾನು. ಜಿಗುಟು ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಭತ್ತ ಬೆಳೆಯಿರಿ, ಮನೆ ಕಟ್ಟಿದರೆ ಮಾತ್ರ ಗೋಡೆ ಬಿರಿಯುತ್ತದೆ. ಮರಳಿನಲ್ಲಿ ನೀರು ನಿಲ್ಲದು, ಕಲ್ಲಂಗಡಿ ಹಾಕಿ. ಎಲ್ಲ ಹದವಾಗಿ ಬೆರೆತ ಗೋಡು ಮಣ್ಣು ಸಿಕ್ಕರೆ ನಿಮ್ಮ ಪುಣ್ಯ, ದಯವಿಟ್ಟು ಅದರ ಮೇಲೆ ಮಾಲ್ ಕಟ್ಟಬೇಡಿ. ಇಷ್ಟು ಹೇಳುವಷ್ಟರಲ್ಲಿ ನನಗೆ ಮೈಯೆಲ್ಲ ಉತ್ಸಾಹ, ಹಿಂದಿನ ಬೆಂಚಿಗೆ ಗಾಢ ನಿದ್ದೆ.

ಇಂಥವಳಿಗೆ ಲೋಧಿ ಕಾಲೋನಿಯಲ್ಲಿ ನೆಲಮಹಡಿಯ ಸರ್ಕಾರಿ ಫ್ಲ್ಯಾಟ್ ಸಿಕ್ಕಿತು, ಮುಂದೆ ನಾಲ್ಕು ಮಂಚ ಹಾಕುವಷ್ಟು ನೆಲ. ಫ್ಲ್ಯಾಟ್ ಸಿಕ್ಕಿದ್ದು ಯಜಮಾನರ ನೌಕರಿಗೆ, ಹಾರಾಡಿದ್ದು ನಾನು. ಹಾಸನದಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ದಂಟಿನ ಬೀಜ ತೋರಿಸಿದರು. "ಇಲ್ಲಿ ಹಾಕ್ತೀನಿ ಕಣಮ್ಮ. ಈ ಡೆಲ್ಲೀಲಿ ಪಾಲಕ್ ತಿಂದೂ ತಿಂದೂ ನಾಲಿಗೆ ಸತ್ತೋಗಿದೆ." ಬಂದ ಮೇಲೆ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಯಜಮಾನರು, "ಕಾರು ರಸ್ತೇಲಿ ನಿಂತು ಎರಡೂ ಕನ್ನಡಿ ಹೋದ್ವು, ಅದಕ್ಕೆ ಜಾಗ ಬೇಡ್ವೇನೇ?" ಎಂದರು. "ಜಗಳ ಬೇಡ, ಮಣ್ಣೇ ತೀರ್ಪು ಹೇಳಲಿ" ಎಂದೆ. ಯಮುನೆ ತಂದು ಹಾಸಿದ ಬಯಲು, ಅತ್ತೆಯೇ ಗೆಲ್ಲುತ್ತಾರೆಂಬ ಧೈರ್ಯ ನನಗೆ.

ಭಾನುವಾರ ಸಲಿಕೆ ಹಿಡಿದೆ. ಒಂದು ಗೇಣು ಅಗೆಯುವಷ್ಟರಲ್ಲಿ ಠಣ್ ಎಂದಿತು. ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ, ಮುರಿದ ನಲ್ಲಿ, ಯಾರದೋ ಬಚ್ಚಲಿನ ಹಳದಿ ಟೈಲ್. ಮಗಳು ಇಣುಕಿ, "ಮಮ್ಮಾ, ಯೇ ಮಿಟ್ಟಿ ಥೋಡೀ ಹೈ, ಮಲ್ಬಾ ಹೈ" ಎಂದಳು. ಇದು ಮಣ್ಣೇ ಅಲ್ಲವಂತೆ, ಮಲ್ಬಾ; ಒಡೆದ ಕಟ್ಟಡದ ಕಸಕ್ಕೆ ಈ ಊರಿನ ಹೆಸರು ಅದು. ದೆಹಲಿಯಲ್ಲಿ ಅದೂ ಒಂದು ಮಣ್ಣಿನ ಜಾತಿ. ಗಟ್ಟಿ, ಕುಸಿಯುವುದಿಲ್ಲ, ನೀರು ಬಸಿದುಹೋಗುತ್ತದೆ, ಬೇರು ಇಳಿಯುವುದಿಲ್ಲ. ಕಾರು ನಿಲ್ಲಿಸಲು ಹೇಳಿ ಮಾಡಿಸಿದ ನೆಲ. ನನ್ನ ಬಾಯಿಂದಲೇ ತೀರ್ಪು ಹೊರಬಿತ್ತು. ಯಜಮಾನರು ಕೀ ತರಲು ಓಡಿದರು. ಅತ್ತೆ ಬೀಜವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದರು. ಎರಡು ಬೈದಿದ್ದರೂ ಚೆನ್ನಾಗಿತ್ತು.

ಇಲ್ಲಿ ನನ್ನ ಬಾಟಲಿಗಳ ಬಗ್ಗೆ ಹೇಳಬೇಕು. ದೊಡ್ಡ ದೊಡ್ಡ ಉಪ್ಪಿನಕಾಯಿ ಬಾಟಲಿಗಳಲ್ಲಿ ನಾನು ಮಣ್ಣು ಕೂಡಿಟ್ಟಿದ್ದೆ: ಯಮುನಾ ದಂಡೆಯ ಮರಳು, ಕುಂಬಾರರ ಓಣಿಯ ಜಿಗುಟು, ಅರಾವಳಿ ಗುಡ್ಡದ ಗರಸು, ಹರಿಯಾಣದ ಗದ್ದೆಯ ಹೂಳು, ಹೀಗೆ ಒಂದು ಕಪಾಟಿನ ತುಂಬ. ಒಂದರೊಳಗೊಂದು ಬೆರೆಯಬಾರದೆಂದು ಚಮಚ ಸಹ ಬೇರೆ ಬೇರೆ. ಅದೇ ವಾರ ಒಂದು ಸಂಜೆ ಕಾಲೇಜಿನಿಂದ ಬಂದರೆ ಅವೆಲ್ಲ ಅಡುಗೆಮನೆಯಲ್ಲಿ ಥಳಥಳ ಹೊಳೆಯುತ್ತಿವೆ. 'ಯಮುನಾ ದಂಡೆ' ಎಂಬ ಚೀಟಿಯ ಹಿಂದೆ ಚಟ್ನಿಪುಡಿ, 'ಅರಾವಳಿ'ಯಲ್ಲಿ ಹುಳಿಪುಡಿ.

"ಅತ್ತೆ, ಇದರಲ್ಲಿದ್ದ ಮಣ್ಣು?"

"ಪುಡಿ ಹಾಕಕ್ಕೆ ಡಬ್ಬಿ ಇರಲಿಲ್ಲ ಕಣಮ್ಮ. ಮಣ್ಣನ್ನ ಯಾರಾದ್ರೂ ಎಸೀತಾರಾ? ಹಿಂದಿನ ಕೂಲರಿಗೆ ಸುರಿದಿದೀನಿ."

ಕೆಟ್ಟು ಹಿಂದಿನ ಸಿಮೆಂಟಿನ ಅಂಗಳ ಸೇರಿದ್ದ ಹಳೆಯ ಏರ್ ಕೂಲರಿನ ನೀರಿನ ತೊಟ್ಟಿಗೆ ಓಡಿದೆ. ಮಣ್ಣೂ ಮಣ್ಣುಪಾಲಾಗುತ್ತದೆಂದು ಅಂದೇ ತಿಳಿದದ್ದು. ಎಲ್ಲ ಕಲಸಿಹೋಗಿ, ಮೇಲೆ ಸೌತೆಕಾಯಿ ಸಿಪ್ಪೆ ಬೇರೆ. ಅಳು ನುಂಗಿಕೊಂಡು ಒಂದು ಹಿಡಿ ಎತ್ತಿ ಹಿಸುಕಿದೆ. ಉಂಡೆಯಾಯಿತು. ಬೆರಳು ತಾಗಿಸಿದೆ, ಮೆತ್ತಗೆ ಪುಡಿಯಾಯಿತು. ಇನ್ನೊಂದು ಹಿಡಿ ಎತ್ತಿದೆ. ಅಯ್ಯೋ ಶಿವನೇ, ಗೋಡು ಮಣ್ಣು! ವರ್ಷಗಟ್ಟಲೆ ಪಾಠದಲ್ಲಿ ಹೊಗಳಿದ್ದು, ನನ್ನ ಒಂದು ಬಾಟಲಿಯಲ್ಲೂ ಇಲ್ಲದ್ದು. "ಅತ್ತೆ, ಬೀಜ ತನ್ನಿ" ಎಂದು ನಾನು ಕೂಗಿದ ಕೂಗಿಗೆ ಮೇಲಿನ ಮನೆಯವರು ಕಿಟಕಿ ತೆರೆದರು.

ಅತ್ತೆ ಬಾಗಿಲಲ್ಲೇ ನಿಂತು, "ಬೆಳಗ್ಗೇನೇ ಹಾಕಿ ಆಯ್ತು. ನೀನೀಗ ಹಿಸುಕ್ತಿರೋದು ಅದನ್ನೇ. ಮೆಲ್ಲಗೆ ಇಡಮ್ಮ" ಎಂದರು.

ಹಿಸುಕಿಸಿಕೊಂಡೂ ದಂಟು ಬಂತು. ಮಸ್ಸೊಪ್ಪು ಮಾಡಿದ ದಿನ ಅತ್ತೆ ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡರು, ನನಗೆ ತೇರ್ಗಡೆಯಾದಷ್ಟು ಸಂತೋಷ. ಯಜಮಾನರು ಮೂರು ಸಲ ಬಡಿಸಿಕೊಂಡರು, ಕಾರಿನ ಗೆಲುವಿನ ಮಾತನ್ನು ಯಾರೂ ಎತ್ತಲಿಲ್ಲ.

ಚಳಿ ಶುರುವಾಗುವಾಗ ವಿದ್ಯಾರ್ಥಿಗಳನ್ನು ಯಮುನೆಯ ದಂಡೆಗೆ ಕರೆದೊಯ್ದೆ. ಮಣ್ಣನ್ನು ನೋಡಿ ನೆಲದ ಬಳಕೆ ನಿರ್ಧರಿಸಬೇಕೇ ಹೊರತು ನಮ್ಮ ಆಸೆಗೆ ತಕ್ಕಂತೆ ಮಣ್ಣನ್ನು ತಿದ್ದಲು ಹೋಗಬಾರದೆಂದು ಜೋರಾಗಿ ಭಾಷಣ ಮಾಡಿ, ಬಗ್ಗಿ ಚೀಲಕ್ಕೆ ಮರಳು ತುಂಬತೊಡಗಿದೆ. "ಯಾವ ರಿಸರ್ಚಿಗೆ ಮ್ಯಾಮ್?" ಎಂದು ಒಬ್ಬ ಹುಡುಗಿ ಪೆನ್ನು ತೆಗೆದಳು. ಏನೋ ಒಂದು ದೊಡ್ಡ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಫೋನ್, ಅತ್ತೆಯದು: "ಮರಳು ಇನ್ನೊಂಚೂರು ಜಾಸ್ತೀನೇ ತಾ ಕಣಮ್ಮ, ಮಣ್ಣು ಸಡಿಲ ಇದ್ರೇನೇ ಇಳಿಯೋದು."

"ಮೂಲಂಗಿಗೆ" ಎಂದು ಹುಡುಗಿಗೆ ಹೇಳಿ, ಚೀಲದ ಇನ್ನೊಂದು ತುದಿ ಹಿಡಿದುಕೊಳ್ಳಲು ಕೊಟ್ಟೆ.